ತಲೆಗೆ ಪೆಟ್ಟಾದ ಮೇಲೆ ಹಣಿಗೆ (ಬಾಚಣಿಗೆ) ತಾಕಿದರೂ ನೋಯುತ್ತಿದ್ದರೆ: ಮಹಿಳೆಯರಿಗೊಂದು ಮಾರ್ಗದರ್ಶಿ

ಬೈಕಿನ ಹಿಂದೆ ಒಂದು ಬದಿಗೆ ಕುಳಿತು ಹೋಗುವಾಗ ರಸ್ತೆಯುಬ್ಬಿನಲ್ಲಿ ಜಾರಿ ಬಿದ್ದವರು, ಬಚ್ಚಲಿನಲ್ಲಿ ಕಾಲು ಜಾರಿ ಗೋಡೆಗೆ ತಲೆ ಬಡಿಸಿಕೊಂಡವರು, ಹಳೆಯ ಮಣ್ಣಿನ ಮನೆಯ ತಗ್ಗು ಬಾಗಿಲಿಗೆ ಹಣೆ ತಾಗಿಸಿಕೊಂಡವರು, ಹತ್ತಿ ಬಿಡಿಸಲು ಹೊರಟ ಟ್ರ್ಯಾಕ್ಟರಿನ ಟ್ರೇಲರಿನಿಂದ ಉರುಳಿದವರು, ಹೀಗೆ ತಲೆಗೆ ಸಣ್ಣ ಪೆಟ್ಟು ಮಾಡಿಕೊಂಡ ಮಹಿಳೆಯರು ಹುಬ್ಬಳ್ಳಿ, ಗದಗ, ಹಾವೇರಿಯ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ವರದಿ ನಾರ್ಮಲ್ ಎಂದು ಬರುತ್ತದೆ, ಮಾತ್ರೆ ಬರೆದುಕೊಟ್ಟು ಮನೆಗೆ ಕಳುಹಿಸುತ್ತಾರೆ, ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಉಳಿದ ಕೆಲವರಿಗೆ ಮಾತ್ರ ತಲೆನೋವು ತಿಂಗಳುಗಟ್ಟಲೆ ಬಿಡುವುದಿಲ್ಲ, ಅದರ ಬೆನ್ನಿಗೆ ಇನ್ನೊಂದು ತೊಂದರೆಯೂ ಅಂಟಿಕೊಳ್ಳುತ್ತದೆ. ಹಣಿಗೆ ಹಚ್ಚಿದರೆ ತಲೆಯ ಚರ್ಮ ಉರಿಯುತ್ತದೆ, ದಿಂಬಿಗೆ ತಾಗಿದ ಭಾಗ ಹುಣ್ಣಾದಂತೆ ನೋಯುತ್ತದೆ, ವರ್ಷಗಳಿಂದ ಹಾಕಿಕೊಂಡ ಬೆಂಡೋಲೆಯ ಭಾರವನ್ನೂ ಕಿವಿ ತಡೆಯುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಗಾಯವಿಲ್ಲ, ಬಾವಿಲ್ಲ, ಕೆಂಪಾಗಿಯೂ ಇಲ್ಲ.

ಸಾಮಾನ್ಯವಾಗಿ ನೋವು ಕೊಡದ ಸ್ಪರ್ಶ, ಬಿಸಿ, ತಂಪುಗಳು ನೋವು ಕೊಡತೊಡಗುವ ಈ ಸ್ಥಿತಿಯನ್ನು ವೈದ್ಯರು ಅಲೋಡಿನಿಯಾ ಎನ್ನುತ್ತಾರೆ. ಇದನ್ನು ಯಾವ ಸ್ಕ್ಯಾನೂ ತೋರಿಸುವುದಿಲ್ಲ. ಗದ್ದಲದ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಇದನ್ನು ಕೇಳುವಷ್ಟು ವ್ಯವಧಾನವಿರುವುದಿಲ್ಲ, ತಲೆ ಬಾಚಿಕೊಳ್ಳುವುದು ಕಷ್ಟವಾಗಿದೆ ಎಂಬುದು ವೈದ್ಯರಿಗೆ ಹೇಳುವಂಥ ಮಾತೆಂದು ರೋಗಿಗೂ ಅನಿಸುವುದಿಲ್ಲ. ಆದರೆ ತಲೆನೋವು ಯಾವ ಹಂತದಲ್ಲಿದೆ, ಮಾತ್ರೆಯನ್ನು ಯಾವಾಗ ನುಂಗಬೇಕು, ಪ್ರತಿದಿನದ ತಡೆಗಟ್ಟುವ ಔಷಧ ಬೇಕೋ ಬೇಡವೋ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಈ ಒಂದು ಸಂಗತಿ ಬಹಳ ಉಪಯೋಗಕ್ಕೆ ಬರುತ್ತದೆ. ಅದನ್ನು ಗುರುತಿಸಿ, ಅಳೆದು, ವೈದ್ಯರ ಮುಂದೆ ಸರಿಯಾಗಿ ಇಡುವುದು ಹೇಗೆ, ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಕಾಯಬಾರದ ಲಕ್ಷಣಗಳು

ಮುಂದಿನ ಯಾವ ಸಲಹೆಯನ್ನು ಪಾಲಿಸುವ ಮೊದಲೂ ಇದನ್ನು ಖಚಿತಪಡಿಸಿಕೊಳ್ಳಬೇಕು. ಪೆಟ್ಟಾದ ನಂತರ ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ಮಂಪರು, ಫಿಟ್ಸ್, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ಎರಡು ಕಣ್ಣಿನ ಪಾಪೆಗಳ ಗಾತ್ರ ಬೇರೆಬೇರೆಯಾಗುವುದು, ಮೂಗು ಅಥವಾ ಕಿವಿಯಿಂದ ನೀರಿನಂತಹ ತಿಳಿದ್ರವ ಸೋರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಲ್ಲಿ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೆದುಳಿನ ಹೊರಪೊರೆಯ ಕೆಳಗೆ ರಕ್ತ ನಿಧಾನವಾಗಿ ಒಸರಿ, ಬಿದ್ದ ಕೆಲವು ವಾರಗಳ ನಂತರ ತೊಂದರೆ ಕಾಣಿಸಿಕೊಳ್ಳಬಹುದಾದ್ದರಿಂದ, ಮೊದಲ ದಿನದ ಸ್ಕ್ಯಾನ್ ನಾರ್ಮಲ್ ಇತ್ತೆಂದು ಹೊಸ ಲಕ್ಷಣಗಳನ್ನು ಕಡೆಗಣಿಸಬಾರದು.

ಮಹಿಳೆಯರು ವಿಶೇಷವಾಗಿ ನೆನಪಿಡಬೇಕಾದವು ಇನ್ನೂ ಕೆಲವಿವೆ. ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ಹೊಸದಾಗಿ ಶುರುವಾದ ತೀವ್ರ ತಲೆನೋವು, ಅದರಲ್ಲೂ ದೃಷ್ಟಿ ಮಬ್ಬಾಗುವುದು ಅಥವಾ ಫಿಟ್ಸ್ ಜೊತೆಗಿದ್ದರೆ, ಹಿಂದೆ ಬಿದ್ದ ಪೆಟ್ಟಿನ ಲೆಕ್ಕಕ್ಕೆ ಸೇರಿಸುವಂಥದ್ದಲ್ಲ. ರಕ್ತದೊತ್ತಡ ಏರಿರಬಹುದು, ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹಾಗೆಯೇ 50 ದಾಟಿದವರಿಗೆ ಹೊಸ ತಲೆನೋವಿನೊಂದಿಗೆ ಕಣತಲೆಯ ಚರ್ಮ ಮುಟ್ಟಲಾಗದಷ್ಟು ನೋಯುತ್ತಿದ್ದು, ರೊಟ್ಟಿ ಅಗಿಯುವಾಗ ದವಡೆ ಸೋತು ನೋಯುತ್ತಿದ್ದರೆ ಅದು ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ದೃಷ್ಟಿಯನ್ನೇ ಕಳೆಯುವ ಕಾಯಿಲೆ ಅದು, ಆದ್ದರಿಂದ ಅದೇ ದಿನ ವೈದ್ಯರನ್ನು ಕಾಣಬೇಕು. ಉರಿಯೊಂದಿಗೆ ಹಣೆಯ ಒಂದೇ ಬದಿಯಲ್ಲಿ ನೀರುಗುಳ್ಳೆಗಳೆದ್ದರೆ ಅದು ಸರ್ಪಸುತ್ತು ಇರಬಹುದು, ಅದಕ್ಕೂ ಕಾಯಬಾರದು.

ಎರಡನೆಯ ಹೆಜ್ಜೆ: ನಿಮ್ಮ ತಲೆನೋವಿನ ದಿನಾಂಕಗಳನ್ನು ಹೊಂದಿಸಿಕೊಳ್ಳುವುದು

ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ 2018ರ ಮೂರನೆಯ ಆವೃತ್ತಿಯ ಪ್ರಕಾರ, ತಲೆಗೆ ಪೆಟ್ಟಾದ ಅಥವಾ ಪ್ರಜ್ಞೆ ಮರಳಿದ 7 ದಿನಗಳೊಳಗೆ ಆರಂಭವಾದ ತಲೆನೋವನ್ನು ಪೆಟ್ಟಿನಿಂದ ಬಂದದ್ದೆಂದು ಪರಿಗಣಿಸುತ್ತಾರೆ. ಅದು 3 ತಿಂಗಳು ಮೀರಿದರೆ ದೀರ್ಘಕಾಲಿಕ ಎನಿಸುತ್ತದೆ. ಪ್ರಜ್ಞೆ ತಪ್ಪಿದ್ದರೂ 30 ನಿಮಿಷದೊಳಗೆ ಮರಳಿದ್ದರೆ, ಘಟನೆಯ ಸುತ್ತಲಿನ ಮರೆವು 24 ಗಂಟೆಗಿಂತ ಕಡಿಮೆಯಿದ್ದರೆ, ಎಚ್ಚರದ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಮಾಪನದಲ್ಲಿ 15ಕ್ಕೆ 13 ಅಥವಾ ಹೆಚ್ಚು ಅಂಕವಿದ್ದರೆ ಅದು ಸೌಮ್ಯ ಪೆಟ್ಟು. ಪೆಟ್ಟು ಸೌಮ್ಯವಾಗಿತ್ತೆಂದ ಮಾತ್ರಕ್ಕೆ ನಂತರದ ನೋವೂ ಸೌಮ್ಯವಾಗಿಯೇ ಇರಬೇಕೆಂಬ ನಿಯಮವಿಲ್ಲ. ಸಂಬಂಧಿಕರಿಗೆ ಮೊದಲು ತಿಳಿಸಿ ಹೇಳಬೇಕಾದದ್ದು ಇದೇ.

ಆದ್ದರಿಂದ ಬಿದ್ದ ದಿನಾಂಕ, ತಲೆನೋವು ಶುರುವಾದ ದಿನಾಂಕ, ಪ್ರಜ್ಞೆ ತಪ್ಪಿತ್ತೇ, ತಪ್ಪಿದ್ದರೆ ಅಂದಾಜು ಎಷ್ಟು ಹೊತ್ತು, ಮೊದಲೇ ಮೈಗ್ರೇನ್ ಅಂದರೆ ಅರೆತಲೆನೋವು ಇತ್ತೇ, ತಾಯಿಗೋ ಅಕ್ಕತಂಗಿಯರಿಗೋ ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಡಿಸ್ಚಾರ್ಜ್ ಚೀಟಿಯನ್ನು ಅದರ ಜೊತೆಗೆ ಇಡಿ. ರಸ್ತೆ ಅಪಘಾತವಾಗಿದ್ದರೆ ಆಸ್ಪತ್ರೆಯಲ್ಲಿ ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ) ದಾಖಲಾದ ಕಾಗದವೂ ಮುಂದೆ ಪರಿಹಾರದ ಅರ್ಜಿಗೆ ಬೇಕಾಗುತ್ತದೆ.

ಚರ್ಮ ಏಕೆ ನೋಯುತ್ತದೆ

ಹಣೆ, ಮುಖ ಮತ್ತು ನೆತ್ತಿಯ ಮುಂಭಾಗದ ಸ್ಪರ್ಶವನ್ನು ಮೆದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ತಲೆಯ ಹಿಂಭಾಗ ಮತ್ತು ಕತ್ತಿನ ಮೇಲ್ಭಾಗದ ಸ್ಪರ್ಶವನ್ನು ಒಯ್ಯುವುದು ಕತ್ತಿನ ಮೇಲಿನ ಮೂರು ನರಜೋಡಿಗಳು. ಮೆದುಳಿನ ಕಾಂಡದಿಂದ ಕತ್ತಿನ ಬೆನ್ನುಹುರಿಯವರೆಗೆ ಚಾಚಿಕೊಂಡಿರುವ ಒಂದೇ ನರಕೋಶ ಗುಂಪಿಗೆ ಈ ಎರಡೂ ಬಂದು ಸೇರುತ್ತವೆ. ಕತ್ತು ಜೋರಾಗಿ ಎಳೆದುಕೊಂಡಂತೆ ಆದವರಿಗೆ ಹಣೆಯಲ್ಲಿ ನೋವು ಕಾಣಿಸಿಕೊಳ್ಳುವುದಕ್ಕೆ ಈ ಕೂಡುವಿಕೆಯೇ ಕಾರಣ. ತಲೆನೋವು ಮತ್ತೆ ಮತ್ತೆ ಬಂದು ಈ ನರಕೋಶಗಳು ಅತಿಸೂಕ್ಷ್ಮವಾದಾಗ, ಟೇಪ್ ರೆಕಾರ್ಡರಿನ ಧ್ವನಿಯ ಗುಂಡಿಯನ್ನು ಯಾರೋ ಪೂರ್ತಿ ತಿರುಗಿಸಿಟ್ಟಂತೆ, ಕೂದಲು ಅಲುಗಿದ ಸಣ್ಣ ಸಂಕೇತವೂ ನೋವಾಗಿ ಕೇಳಿಸತೊಡಗುತ್ತದೆ. ಈ ಅತಿಸೂಕ್ಷ್ಮತೆ ಇನ್ನೂ ಮೇಲೆ, ಇಡೀ ದೇಹದ ಸ್ಪರ್ಶದ ಸಂಕೇತಗಳು ಹಾದುಹೋಗುವ ಮೆದುಳಿನ ಥಲಾಮಸ್ ಎಂಬ ಭಾಗಕ್ಕೆ ಏರಿದರೆ ತಲೆಯಿಂದ ದೂರದ ತೋಳು, ಕೈಗಳ ಚರ್ಮವೂ ನೋಯಬಹುದು.

ಇದು ಮೊದಲು ಸ್ಪಷ್ಟವಾಗಿ ತಿಳಿದುಬಂದದ್ದು ಮೈಗ್ರೇನ್ ರೋಗಿಗಳಲ್ಲಿ. ತಲೆನೋವಿನ ಸಂಶೋಧಕ ರಾಮಿ ಬರ್ಸ್ಟೀನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 42 ಮೈಗ್ರೇನ್ ರೋಗಿಗಳ ಪೈಕಿ 33 ಮಂದಿಗೆ ತಲೆನೋವಿನ ಹೊತ್ತಿನಲ್ಲಿ ಚರ್ಮದ ಅಲೋಡಿನಿಯಾ ಕಂಡುಬಂದಿತ್ತು. ಪೆಟ್ಟಿನ ನಂತರದ ದೀರ್ಘಕಾಲಿಕ ತಲೆನೋವು ಅನೇಕರಲ್ಲಿ ಮೈಗ್ರೇನಿನ ಚಹರೆಯನ್ನೇ ಹೊತ್ತಿರುತ್ತದೆ: ಮಿಡಿಯುವ ನೋವು, ವಾಕರಿಕೆ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಜೊತೆಗೆ ಈ ಚರ್ಮದ ನೋವು. ಮಹಿಳೆಯರಲ್ಲಿ ಮೈಗ್ರೇನ್ ಪುರುಷರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಅಲೋಡಿನಿಯಾವೂ ಅವರಲ್ಲೇ ಹೆಚ್ಚು. ಸೌಮ್ಯ ಪೆಟ್ಟಿನ ನಂತರದ ಲಕ್ಷಣಗಳು ಹೆಚ್ಚು ಕಾಲ ಉಳಿಯುವ ಸಂಭವವೂ ಅವರಲ್ಲೇ ಹೆಚ್ಚು. ಮುಟ್ಟಿನ ಆಸುಪಾಸಿನಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿಯುವುದು ಅವರಲ್ಲಿ ಮೈಗ್ರೇನ್ ಹೆಚ್ಚಿರುವುದಕ್ಕೊಂದು ಕಾರಣ. ಅಂದಮೇಲೆ "ಹೆಣ್ಣುಮಕ್ಕಳಿಗೆ ಸಣ್ಣದೂ ದೊಡ್ಡದಾಗೇ ಕಾಣ್ತೈತಿ" ಎಂಬ ಮಾತನ್ನು ಮನೆಯವರಾಗಲಿ ಆಸ್ಪತ್ರೆಯವರಾಗಲಿ ಆಡದಿರುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಹನ್ನೆರಡು ಪ್ರಶ್ನೆಗಳಿಂದ ಅಳೆಯುವುದು

ಅಲೋಡಿನಿಯಾವನ್ನು ಅಳೆಯಲು ಸಂಶೋಧಕರೂ ವೈದ್ಯರೂ ಬಳಸುವ ಹನ್ನೆರಡು ಪ್ರಶ್ನೆಗಳ ಒಂದು ಪಟ್ಟಿಯಿದೆ. ಅದು ಮೈಗ್ರೇನಿಗಾಗಿ ರೂಪುಗೊಂಡದ್ದು; ಪೆಟ್ಟಿನ ನಂತರದ ತಲೆನೋವಿನ ಅಧ್ಯಯನಗಳಲ್ಲಿಯೂ ಬಳಕೆಯಾಗಿದೆ. ನಿಮಗೆ ಬರುವ ಅತ್ಯಂತ ತೀವ್ರ ತಲೆನೋವಿನ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಕೆಲಸಗಳನ್ನು ಮಾಡುವಾಗ ಚರ್ಮದಲ್ಲಿ ನೋವು ಅಥವಾ ಅಹಿತ ಎಷ್ಟು ಸಲ ಆಗುತ್ತದೆ ಎಂದು ಕೇಳಿಕೊಳ್ಳಬೇಕು: ತಲೆ ಬಾಚುವುದು, ಕೂದಲನ್ನು ಹಿಂದಕ್ಕೆಳೆದು ಕಟ್ಟುವುದು, ಅಂದರೆ ಹೆರಳು ಅಥವಾ ತುರುಬು, ಮುಖಕ್ಷೌರ, ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಕಿವಿಯೋಲೆ, ಕೊರಳಿನ ಸರ, ಬಿಗಿಯಾದ ಬಟ್ಟೆ, ಸ್ನಾನ ಮಾಡುವಾಗ ಮುಖಕ್ಕೆ ನೀರು ಬೀಳುವುದು, ದಿಂಬಿನ ಮೇಲೆ ತಲೆ ಅಥವಾ ಕೆನ್ನೆ ಇಡುವುದು, ಅಡುಗೆ ಒಲೆ ಅಥವಾ ಬಿಸಿನೀರಿನ ಕಾವು, ತಣ್ಣೀರು ಅಥವಾ ಐಸಿನ ತಂಪು. ಎಂದೂ ಇಲ್ಲ, ಅಪರೂಪ ಅಥವಾ ನನಗೆ ಅನ್ವಯಿಸುವುದಿಲ್ಲ ಎಂದಾದರೆ 0, ಅರ್ಧಕ್ಕಿಂತ ಕಡಿಮೆ ಸಲ ಆದರೆ 1, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಸಲ ಆದರೆ 2. ಒಟ್ಟು 24ಕ್ಕೆ 2ರವರೆಗೆ ಬಂದರೆ ಅಲೋಡಿನಿಯಾ ಇಲ್ಲ, 3ರಿಂದ 5 ಸೌಮ್ಯ, 6ರಿಂದ 8 ಮಧ್ಯಮ, 9 ಮತ್ತು ಮೇಲ್ಪಟ್ಟು ತೀವ್ರ.

ಉದಾಹರಣೆಗೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ತಲೆನೋವಿದ್ದಾಗಲೆಲ್ಲ ಹಣಿಗೆ ಹಚ್ಚಲಾಗದು, 2. ತುರುಬು ಬಿಚ್ಚಿ ಹಾಕಲೇಬೇಕು, 2. ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುವಾಗ ಮುಖ ಉರಿದು ಎದ್ದು ಹೋಗುವುದು ಹೆಚ್ಚಿನ ದಿನಗಳ ಮಾತು, 2. ದಿಂಬಿನ ತೊಂದರೆ ಆಗೊಮ್ಮೆ ಈಗೊಮ್ಮೆ, 1. ಕನ್ನಡಕ, ಲೆನ್ಸ್ ಅನ್ವಯಿಸುವುದೇ ಇಲ್ಲ. ಮೊತ್ತ 7, ಅಂದರೆ ಮಧ್ಯಮ. ಮೆಣಸಿನಕಾಯಿಯ ಘಾಟಿಗೆ ಅವರು ಮೂಗು, ಹಣೆಯ ಸುತ್ತ ಬಿಗಿಯಾಗಿ ಕಟ್ಟಿಕೊಳ್ಳುವ ಬಟ್ಟೆಯೂ ನೋಯಿಸುತ್ತಿದ್ದರೆ ಅದನ್ನು ಬಿಗಿ ಬಟ್ಟೆಯ ಪ್ರಶ್ನೆಗೆ ಸೇರಿಸಬಹುದು, ಅಲ್ಲಿಯೂ 2 ಬಂದರೆ ಮೊತ್ತ 9 ಆಗಿ ತೀವ್ರದ ಗಡಿ ಮುಟ್ಟುತ್ತದೆ. ಅಂದ ಹಾಗೆ, ಈ ಕೆಲಸ ಮಾಡುವವರು ಮುಖ ಮುಟ್ಟಿಕೊಳ್ಳುವ ಮೊದಲು ಕೈಗೆ ಅಡುಗೆ ಎಣ್ಣೆ ಸವರಿ ಒರೆಸಿ, ನಂತರ ಸಾಬೂನಿನಿಂದ ತೊಳೆಯಬೇಕು. ಮೆಣಸಿನ ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತದೆ, ಬರಿಯ ನೀರಿಗೆ ಹೋಗುವುದಿಲ್ಲ.

ಪ್ರಶ್ನೆಗಳ ಜೊತೆಗೆ ಹತ್ತಿಯ ಒಂದು ಸರಳ ಪರೀಕ್ಷೆಯನ್ನೂ ಮಾಡಿಕೊಳ್ಳಬಹುದು. ಒಣ ಹತ್ತಿಯ ಒಂದು ಎಳೆಯನ್ನು ತೆಗೆದುಕೊಂಡು, ಒತ್ತಡವಿಲ್ಲದೆ, ಮೊದಲು ಮುಂಗೈಯ ಒಳಬದಿಗೆ, ನಂತರ ಹಣೆಯ ಎಡಕ್ಕೆ, ಬಲಕ್ಕೆ, ಕಿವಿಯ ಹಿಂದೆ, ಕತ್ತಿನ ಹಿಂಭಾಗದ ಕೂದಲಿನ ಅಂಚಿಗೆ ಹತ್ತು ಸೆಕೆಂಡು ಸವರಿ ನೋಡಿ. ಇದನ್ನು ತಲೆನೋವಿಲ್ಲದ ದಿನ ಒಮ್ಮೆ, ನೋವು ಶುರುವಾದ ಅರ್ಧ ಗಂಟೆಗೆ ಒಮ್ಮೆ, ಎರಡು ಗಂಟೆಯ ನಂತರ ಇನ್ನೊಮ್ಮೆ ಮಾಡಿದರೆ ಚಿತ್ರ ತಿಳಿಯಾಗುತ್ತದೆ. ನೋವಿನ ಹೊತ್ತಿನಲ್ಲಿ ಮಾತ್ರ ಚರ್ಮ ಉರಿಯುತ್ತದೆಯೇ, ನೋವಿಲ್ಲದ ದಿನವೂ ಉರಿಯುತ್ತದೆಯೇ, ಪೆಟ್ಟು ಬಿದ್ದ ಬದಿಯಷ್ಟೇ ಉರಿಯುತ್ತದೆಯೇ, ಮುಂಗೈಯೂ ಸೇರಿದೆಯೇ ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ. ಸ್ಪರ್ಶ ನೋಯುವ ಬದಲು ಒಂದು ಭಾಗ ಮರಗಟ್ಟಿ ತಿಳಿಯದೇ ಹೋದರೆ, ಅಥವಾ ಕತ್ತಿನ ಹಿಂದಿನಿಂದ ನೆತ್ತಿಗೆ ಕರೆಂಟು ಹೊಡೆದಂತೆ ನೋವು ಚಿಮ್ಮಿದರೆ ಅದು ಬೇರೆ ನರದ ತೊಂದರೆಯಿರಬಹುದು, ಅದನ್ನೂ ವೈದ್ಯರಿಗೆ ಹೇಳಬೇಕು.

ನಾಲ್ಕನೆಯ ಹೆಜ್ಜೆ: ಗೋಡೆಯ ಕ್ಯಾಲೆಂಡರ್

ತಲೆನೋವಿನ ದಿನಚರಿಗೆ ಮೊಬೈಲ್ ಆ್ಯಪುಗಳಿವೆ, ಆದರೆ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಎಲ್ಲವನ್ನೂ ಬರೆಯುವ ಅಡುಗೆಮನೆಯ ಕ್ಯಾಲೆಂಡರೇ ಇದಕ್ಕೆ ಮೇಲು, ಏಕೆಂದರೆ ಅದು ಕಣ್ಣೆದುರಿಗಿರುತ್ತದೆ, ತಲೆನೋವಿನಲ್ಲಿ ಪರದೆ ನೋಡುವ ಶಿಕ್ಷೆಯೂ ಇರುವುದಿಲ್ಲ. ತಲೆನೋವು ಬಂದ ದಿನಕ್ಕೆ ಒಂದು ಚುಕ್ಕೆ, ಚರ್ಮ ನೋಯುತ್ತಿದ್ದರೆ ಆ ಚುಕ್ಕೆಯ ಸುತ್ತ ಒಂದು ವೃತ್ತ, ಮಾತ್ರೆ ನುಂಗಿದ ದಿನಕ್ಕೆ ಒಂದು ಗೆರೆ, ಮುಟ್ಟಿನ ದಿನಗಳಿಗೆ ಅಡಿಗೆರೆ. ಇಷ್ಟು ಸಾಕು. ಒಂದು ತಿಂಗಳ ಪುಟ ತುಂಬುವಷ್ಟರಲ್ಲಿ, ನೋವು ಮುಟ್ಟಿನ ಜೊತೆಗೆ ಬರುತ್ತಿದೆಯೋ, ಶ್ರಾವಣ ಸೋಮವಾರದ ಉಪವಾಸದ ಮರುದಿನ ಬರುತ್ತಿದೆಯೋ, ನಿದ್ದೆಗೆಟ್ಟ ರಾತ್ರಿಯ ಬೆನ್ನಿಗೆ ಬರುತ್ತಿದೆಯೋ ಎಂಬುದು ತಾನಾಗಿಯೇ ಕಾಣುತ್ತದೆ.

ಐದನೆಯ ಹೆಜ್ಜೆ: ಮಾತ್ರೆಗಳ ಲೆಕ್ಕ

ಈ ಹೆಜ್ಜೆಯ ಮೇಲೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ತಲೆನೋವು ಹಟ ಹಿಡಿದು ಕೂರುವುದಕ್ಕೆ ಮಾತ್ರೆಯೇ ಕಾರಣವಾಗಿರುವುದು ಅಪರೂಪವಲ್ಲ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂತಹ ಸಾದಾ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಇಲ್ಲವೇ ಎರಡು ಮೂರು ಔಷಧಗಳು ಬೆರೆತ ಗುಳಿಗೆಗಳು, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್, ಎರ್ಗೊಟಮಿನ್ ಇಂಥವುಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ತೆಗೆದುಕೊಳ್ಳುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಉಳಿಯತೊಡಗುತ್ತದೆ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ತಲೆನೋವಿನ ಗುಳಿಗೆಗಳಲ್ಲಿ ಹಲವು ಕೆಫೀನ್ ಬೆರೆತವಾಗಿದ್ದು, ಅವು ಈ 10 ದಿನಗಳ ಲೆಕ್ಕಕ್ಕೆ ಸೇರುತ್ತವೆ. ಕ್ಯಾಲೆಂಡರಿನ ಗೆರೆಗಳನ್ನು ಎಣಿಸಿದರೆ ನಿಮ್ಮದು ಯಾವ ಕಡೆಗಿದೆ ಎಂದು ತಿಳಿಯುತ್ತದೆ. ಮಿತಿ ದಾಟಿದ್ದರೆ ವೈದ್ಯರೊಂದಿಗೆ ಮಾತನಾಡಿ ಕಡಿಮೆ ಮಾಡಬೇಕು. ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಏರುವುದುಂಟು, ಅದಕ್ಕೆ ಹೆದರಿ ಮತ್ತೆ ಅದೇ ಗುಳಿಗೆಗೆ ಮರಳುವವರಿದ್ದಾರೆ.

ಇದರ ಇನ್ನೊಂದು ಮಗ್ಗುಲು ಮಾತ್ರೆಯ ಹೊತ್ತು. ಮೈಗ್ರೇನಿನಲ್ಲಿ ಟ್ರಿಪ್ಟಾನ್ ಮಾತ್ರೆಗಳು ಚರ್ಮದ ನೋವು ಶುರುವಾಗುವ ಮೊದಲೇ ತೆಗೆದುಕೊಂಡಾಗ ಹೆಚ್ಚು ಕೆಲಸ ಮಾಡುತ್ತವೆ, ನಂತರ ತೆಗೆದುಕೊಂಡರೆ ನೋವು ಪೂರ್ತಿ ಇಳಿಯುವುದು ಕಡಿಮೆ ಎಂದು ಬರ್ಸ್ಟೀನ್ ತಂಡವೇ 2004ರಲ್ಲಿ ತೋರಿಸಿತು. ಪೆಟ್ಟಿನ ನಂತರದ ತಲೆನೋವಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದಿದ್ದರೂ, ನಿಮ್ಮ ನೋವು ಮೈಗ್ರೇನ್ ಬಗೆಯದೆಂದು ವೈದ್ಯರು ಹೇಳಿದ್ದರೆ, "ನೋವು ತಡಕೊಳ್ಳಾಕ ಆಗದಿದ್ದಾಗ ಅಷ್ಟ ಗುಳಿಗಿ ತಗೋತೀನಿ" ಎಂಬ ರೂಢಿ ಉಪಯೋಗಕ್ಕಿಂತ ತೊಂದರೆಯನ್ನೇ ತರುತ್ತದೆ. ಬೇಗ ತೆಗೆದುಕೊಳ್ಳುವುದು, ಆದರೆ ಕಡಿಮೆ ದಿನ ತೆಗೆದುಕೊಳ್ಳುವುದು, ಇವೆರಡನ್ನೂ ಒಟ್ಟಿಗೆ ಪಾಲಿಸಬೇಕು. ಹೃದಯದ ತೊಂದರೆ, ಹಿಂದೆ ಪಾರ್ಶ್ವವಾಯು, ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರು ಟ್ರಿಪ್ಟಾನ್ ಮುಟ್ಟಬಾರದು. ಎರ್ಗೊಟಮಿನ್ ಇರುವ ಗುಳಿಗೆಗಳು ಗರ್ಭಿಣಿಯರಿಗೆ ಸಲ್ಲದವು.

ಆರನೆಯ ಹೆಜ್ಜೆ: ಮನೆಯ ದಿನಚರಿಯಲ್ಲಿ ಮಾಡಿಕೊಳ್ಳಬಹುದಾದ ಬದಲಾವಣೆಗಳು

ಕೂದಲಿನಿಂದ ಆರಂಭಿಸೋಣ. ಅಗಲ ಹಲ್ಲಿನ ಹಣಿಗೆ ಬಳಸಿ. ಒಂದು ಕೈಯಿಂದ ಕೂದಲನ್ನು ಬುಡದ ಹತ್ತಿರ ಹಿಡಿದುಕೊಂಡು ತುದಿಯಿಂದ ಸಿಕ್ಕು ಬಿಡಿಸುತ್ತಾ ಮೇಲಕ್ಕೆ ಬನ್ನಿ. ಹೀಗೆ ಮಾಡಿದರೆ ಎಳೆತ ಚರ್ಮಕ್ಕೆ ತಲುಪುವುದಿಲ್ಲ. ಬಿಗಿ ಹೆರಳಿನ ಬದಲು ಕತ್ತಿನ ಹತ್ತಿರ ಸಡಿಲವಾಗಿ ಕಟ್ಟಿಕೊಳ್ಳಿ, ರಾತ್ರಿ ಪೂರ್ತಿ ಬಿಚ್ಚಿಬಿಡಿ. ತಲೆಗೆ ಎರೆದುಕೊಳ್ಳುವುದನ್ನು ನೋವಿಲ್ಲದ ದಿನಕ್ಕೆ ಇಟ್ಟುಕೊಳ್ಳಿ, ಹಂಡೆಯ ಕುದಿನೀರಿನ ಬದಲು ಉಗುರುಬೆಚ್ಚಗಿನ ನೀರನ್ನು ತಂಬಿಗೆಯಿಂದ ಹಿಂಬದಿಗೆ ಸುರಿದುಕೊಳ್ಳಿ. ಎಣ್ಣೆ ಹಚ್ಚುವುದಾದರೆ ಬೆರಳ ತುದಿಯಿಂದ ಸವರಿದರೆ ಸಾಕು. ಗಟ್ಟಿಯಾಗಿ ತಲೆ ತಿಕ್ಕಿಸಿಕೊಳ್ಳುವುದು ಕೆಲವರಿಗೆ ಹಿತವೆನಿಸಿದರೂ, ಅಲೋಡಿನಿಯಾ ಇರುವವರಿಗೆ ಮರುದಿನದ ನೋವನ್ನು ಕರೆತರಬಹುದು. ಕತ್ತನ್ನು ಹೊರಳಿಸಿ ಲಟಕ್ಕನೆ ಸದ್ದು ಬರಿಸುವವರ ಹತ್ತಿರ ಮಾತ್ರ ಯಾವ ಕಾರಣಕ್ಕೂ ಹೋಗಬಾರದು. ಕತ್ತಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯುವಾಗುವ ಅಪಾಯವಿದೆ.

ಕಾವಿನ ವಿಷಯ ನಮ್ಮ ಭಾಗದಲ್ಲಿ ದೊಡ್ಡದು. ದಿನಕ್ಕೆರಡು ಹೊತ್ತು ಒಲೆಯ ಮುಂದೆ ರೊಟ್ಟಿ ಬಡಿಯುವವರಿಗೆ ಬಿಸಿ ತಪ್ಪಿಸಿ ಎಂಬ ಸಲಹೆ ಕೊಟ್ಟು ಪ್ರಯೋಜನವಿಲ್ಲ. ಆದರೆ ಖಡಕ್ ರೊಟ್ಟಿಯ ರೂಢಿಯಿರುವುದೂ ನಮ್ಮಲ್ಲಿಯೇ: ಮೈ ಹಗುರವಿರುವ ದಿನ ಹೆಚ್ಚು ಬಡಿದು ಒಣಗಿಸಿ ಡಬ್ಬಿ ತುಂಬಿಟ್ಟುಕೊಂಡರೆ ನೋವಿನ ದಿನಗಳಲ್ಲಿ ಒಲೆಯಿಂದ ದೂರವಿರಬಹುದು. ಉಳಿದ ದಿನ ಬೆಳಗಿನ ತಂಪಿನಲ್ಲೇ ಮುಗಿಸಿಕೊಳ್ಳುವುದು, ಒಲೆಯ ಕಾವು ನೇರವಾಗಿ ಮುಖಕ್ಕೆ ಹೊಡೆಯದಂತೆ ಸ್ವಲ್ಪ ಓರೆಯಾಗಿ ಕುಳಿತುಕೊಳ್ಳುವುದು, ಮನೆಯಲ್ಲಿರುವ ಗಂಡಸರು ಆ ದಿನಗಳಲ್ಲಿ ಅಡುಗೆಗೆ ಕೈಹಚ್ಚುವುದು ಇವೂ ಆಗುವ ಕೆಲಸಗಳೇ. ಏಪ್ರಿಲ್, ಮೇ ತಿಂಗಳ ಗದಗಿನ ಬಿಸಿಲಿಗೆ ಹೊರಹೋಗುವಾಗ ತಲೆಯ ಮೇಲೆ ಹೊದೆಯುವ ಸೆರಗು ತೆಳುವಾದ ಹತ್ತಿಯದಾಗಿರಲಿ.

ತಂಪು ಎಲ್ಲರಿಗೂ ಒಗ್ಗುವುದಿಲ್ಲ. ಹಣೆಗೆ ಐಸ್ ಇಟ್ಟುಕೊಂಡರೆ ಅನೇಕರಿಗೆ ಹಾಯೆನಿಸುತ್ತದೆ, ತಂಪಿನ ಅಲೋಡಿನಿಯಾ ಇರುವವರಿಗೆ ಅದೇ ಚುಚ್ಚುತ್ತದೆ. ಅಂಥವರು ಹಿಂಡಿದ ಒದ್ದೆ ಬಟ್ಟೆಯಿಂದ ಪ್ರಯತ್ನಿಸಲಿ. ನೋವಿನ ಬಾಮುಗಳ ವಿಷಯವೂ ಹಾಗೆಯೇ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಳ್ಳುವುದು ಸಮಾಧಾನ ಕೊಟ್ಟರೆ ಸರಿ, ಚರ್ಮ ಉರಿಸಿದರೆ ಬಿಚ್ಚಬೇಕು.

ಆಭರಣದ ಮಾತು ಸೂಕ್ಷ್ಮ. ಬೆಂಡೋಲೆ, ಬುಗುಡಿ, ಭಾರದ ಸರಗಳನ್ನು ತೆಗೆದಿಡಿ ಎಂದರೆ ಹಿರಿಯರಿಗೆ ಹಿಡಿಸದಿರಬಹುದು. ಹಗುರವಾದ ಸಣ್ಣ ಓಲೆ, ನೂಲಿನ ದಾರಕ್ಕೆ ಪೋಣಿಸಿದ ತಾಳಿ ಇವು ಇಬ್ಬರಿಗೂ ಒಪ್ಪುವ ದಾರಿ. "ಅತ್ತ್ಯಾರ, ಡಾಕ್ಟರ್ ಹೇಳ್ಯಾರ, ಕಿವಿ ನರಕ್ಕ ಭಾರ ಬೀಳಬಾರದಂತ" ಎಂದರೆ ಸಾಮಾನ್ಯವಾಗಿ ಮಾತು ಬೆಳೆಯುವುದಿಲ್ಲ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಅದು ಕಡ್ಡಾಯ. ಒಮ್ಮೆ ಪೆಟ್ಟು ತಿಂದ ತಲೆಗೆ ಎರಡನೆಯ ಪೆಟ್ಟು ಹೆಚ್ಚು ಹಾನಿ ಮಾಡಬಲ್ಲದು. ಐ.ಎಸ್.ಐ. ಗುರುತಿನ, ನಿಮ್ಮದೇ ಅಳತೆಯ ಹೆಲ್ಮೆಟನ್ನು ಅಂಗಡಿಯಲ್ಲಿ ಹತ್ತು ನಿಮಿಷ ಹಾಕಿಕೊಂಡು ನೋಡಿ ಕೊಳ್ಳಿ, ಒಳಗೆ ಮೆತ್ತಗಿನ ಹತ್ತಿಯ ಟೋಪಿ ಹಾಕಿಕೊಳ್ಳಿ. ಅದೂ ತಡೆಯದ ದಿನ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿದೆ, ಕುಳಿತು ಹೋಗಿ.

ವಿಶ್ರಾಂತಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳವಿದೆ. ಪೆಟ್ಟಾದ ಮೊದಲ ಒಂದೆರಡು ದಿನ ಸಾಪೇಕ್ಷ ವಿಶ್ರಾಂತಿ ಮತ್ತು ಮೊಬೈಲ್ ಪರದೆಯ ಮಿತಿ ಸಾಕು, ನಂತರ ನಡಿಗೆಯಂತಹ ಹಗುರ ಚಟುವಟಿಕೆಯನ್ನು ಮೆಲ್ಲಗೆ ಹೆಚ್ಚಿಸಬೇಕೆಂದು 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಭೆಯ ಹೇಳಿಕೆ ತಿಳಿಸುತ್ತದೆ. ಆ ಹೇಳಿಕೆ ಕ್ರೀಡೆಯ ಪೆಟ್ಟುಗಳ ಕುರಿತದ್ದಾದರೂ ತತ್ವ ಇಲ್ಲಿಗೂ ಸಲ್ಲುತ್ತದೆ. ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿಸುವುದರಿಂದ ನಿದ್ದೆ ಕೆಡುತ್ತದೆ, ಕತ್ತು ಬಿಗಿಯುತ್ತದೆ, ಮನಸ್ಸು ಕುಗ್ಗುತ್ತದೆ.

ಏಳನೆಯ ಹೆಜ್ಜೆ: ಯಾರನ್ನು ಕಾಣಬೇಕು, ಏನು ಹೇಳಬೇಕು

ನೋವು ಮೂರು ತಿಂಗಳು ದಾಟಿದ್ದರೆ, ಅಥವಾ ದಾಟದಿದ್ದರೂ ವಾರಕ್ಕೆ ಎರಡು ಮೂರು ದಿನ ಕೆಲಸ ಕೆಡಿಸುತ್ತಿದ್ದರೆ, ತಾಲೂಕು ಆಸ್ಪತ್ರೆಯ ವೈದ್ಯರಿಂದ ಚೀಟಿ ಬರೆಸಿಕೊಂಡು ನರರೋಗ ತಜ್ಞರನ್ನು ಕಾಣುವುದು ಸರಿ. ಗದಗ ಮತ್ತು ಹಾವೇರಿಯವರಿಗೆ ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಮೊದಲ ಬಾಗಿಲು. ಅಲ್ಲಿಂದ ಮುಂದೆ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಿದೆ. ಧಾರವಾಡದ ಡಿಮ್ಹಾನ್ಸ್‌ಗೆ ಕಳುಹಿಸಿದರೆ "ನನಗೇನು ಹುಚ್ಚು ಹಿಡದೈತೇನು" ಎಂದು ನೊಂದುಕೊಳ್ಳುವವರಿದ್ದಾರೆ. ಅದು ಮಾನಸಿಕ ಆರೋಗ್ಯದ ಜೊತೆಗೆ ನರವಿಜ್ಞಾನದ ಸಂಸ್ಥೆಯೂ ಹೌದು. ಅಲ್ಲಿಗೆ ಹೋಗಿ ಎಂದವರು ನಿಮ್ಮ ನೋವನ್ನು ಸುಳ್ಳೆಂದು ಹೇಳಿದಂತಾಗುವುದಿಲ್ಲ.

ವೈದ್ಯರ ಮುಂದೆ ಸಿಗುವ ಸಮಯ ಕಡಿಮೆ. ಆದ್ದರಿಂದ ಮಾತನ್ನು ಮೊದಲೇ ಕಟ್ಟಿಕೊಂಡು ಹೋಗಿ: "ಸರ್, ಗಾಡಿಯಿಂದ ಬಿದ್ದು ನಾಕ ತಿಂಗಳಾತ್ರೀ. ಬಿದ್ದ ಎರಡನೇ ದಿನದಿಂದ ತಲಿನೋವು ಐತಿ, ವಾರದಾಗ ಮೂರು ದಿನ ಜೋರು ಬರ್ತೈತಿ. ಬಂದ ಒಂದು ತಾಸಿನ್ಯಾಗ ಬಲಗಡಿ ತಲಿಗೆ ಹಣಗಿ ಹಚ್ಚಾಕ ಆಗೂದಿಲ್ರೀ, ದಿಂಬಿಗೆ ತಲಿ ಇಡಾಕ ಆಗೂದಿಲ್ಲ. ತಿಂಗಳದಾಗ ಹನ್ನೆರಡು ದಿನ ಗುಳಿಗಿ ತಗೊಂಡೀನಿ, ಲೆಕ್ಕ ಇದರಾಗ ಬರದೀನಿ ನೋಡ್ರಿ." ಇಷ್ಟು ಹೇಳಿ ಕ್ಯಾಲೆಂಡರ್ ಹಾಳೆಯನ್ನೂ ಹನ್ನೆರಡು ಪ್ರಶ್ನೆಗಳ ಅಂಕವನ್ನೂ ಮುಂದಿಟ್ಟರೆ, ಬರಿಯ ತಲೆನೋವು ಎಂದು ಹೇಳಿದಾಗ ಸಿಗದ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಗರ್ಭಿಣಿಯಾಗಿದ್ದರೆ, ಮಗು ಬೇಕೆಂದಿದ್ದರೆ, ಹಾಲುಣಿಸುತ್ತಿದ್ದರೆ, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಕೇಳುವ ಮೊದಲೇ ಹೇಳಿ.

ಪೆಟ್ಟು ಬಿದ್ದದ್ದು ಮನೆಯವರ ಹೊಡೆತದಿಂದಾದರೆ, ಬಚ್ಚಲಿನಲ್ಲಿ ಬಿದ್ದೆ ಎಂದು ಬರೆಸುವುದು ಚಿಕಿತ್ಸೆಯನ್ನೂ ದಾರಿ ತಪ್ಪಿಸುತ್ತದೆ, ಏಕೆ ಎಂದರೆ ಪೆಟ್ಟು ಒಂದೇ ಸಲದ್ದೋ ಪದೇ ಪದೇ ಆಗಿದ್ದೋ ಎಂಬುದು ವೈದ್ಯರಿಗೆ ತಿಳಿಯಲೇಬೇಕು. ಜೊತೆಗೆ ಬಂದವರನ್ನು ಹೊರಗೆ ಕಳುಹಿಸಿ ಮಾತನಾಡಲು ಕೇಳುವ ಹಕ್ಕು ನಿಮಗಿದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಎಂಟನೆಯ ಹೆಜ್ಜೆ: ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕು

ಪೆಟ್ಟಿನ ನಂತರದ ತಲೆನೋವಿಗೆಂದೇ ಮೀಸಲಾದ ಔಷಧವಿಲ್ಲ. ನೋವು ಮೈಗ್ರೇನ್ ಬಗೆಯದಾದರೆ ಮೈಗ್ರೇನಿನ, ಬಿಗಿತದ ಬಗೆಯದಾದರೆ ಅದರ ಚಿಕಿತ್ಸೆಯನ್ನು ವೈದ್ಯರು ಆರಿಸುತ್ತಾರೆ. ರಾತ್ರಿ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಸಾಮಾನ್ಯ ಆಯ್ಕೆ. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು, ತೂಕ ಏರುವುದು ಅದರ ಅಡ್ಡಪರಿಣಾಮಗಳು. ಅದು ಖಿನ್ನತೆಯ ಮಾತ್ರೆಯೆಂದು ಔಷಧ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಗಾಬರಿಯಾಗಿ ಬಿಡಬೇಡಿ, ನೋವಿನ ನರಗಳ ಮೇಲೂ ಅದು ಕೆಲಸ ಮಾಡುತ್ತದೆ. ಪ್ರೊಪ್ರನೊಲಾಲ್ ಇನ್ನೊಂದು; ಆಸ್ತಮಾ ಇರುವವರಿಗೆ ಆಗದು. ತಲೆನೋವಿಗೂ ಬರೆಯುವ ಫಿಟ್ಸ್ ಔಷಧಗಳಾದ ಟೊಪಿರಮೇಟ್ ಮತ್ತು ವಾಲ್ಪ್ರೊಯೇಟ್ ಎರಡೂ ಗರ್ಭದ ಶಿಶುವಿಗೆ ಹಾನಿಕರ. ಮಗುವಾಗುವ ವಯಸ್ಸಿನವರಿಗೆ ತಲೆನೋವಿಗಾಗಿ ವಾಲ್ಪ್ರೊಯೇಟ್ ಬರೆದಿದ್ದರೆ ಬೇರೆ ದಾರಿಯಿದೆಯೇ ಎಂದು ಕೇಳಲೇಬೇಕು. ಈ ಯಾವ ಔಷಧವೂ ವಾರದಲ್ಲಿ ಗುಣ ತೋರಿಸುವುದಿಲ್ಲ, ಸರಿಯಾದ ಪ್ರಮಾಣದಲ್ಲಿ ಆರರಿಂದ ಎಂಟು ವಾರ ಕೊಟ್ಟು ನೋಡಬೇಕಾಗುತ್ತದೆ. ತಲೆಯ ಹಿಂಭಾಗದ ನರದ ಬಳಿ ಮರಗಟ್ಟಿಸುವ ಔಷಧದ ಚುಚ್ಚುಮದ್ದು, ಕತ್ತಿಗೆ ಫಿಸಿಯೋಥೆರಪಿ, ನಿದ್ದೆಯ ಚಿಕಿತ್ಸೆ, ಆತಂಕ ಮತ್ತು ಖಿನ್ನತೆಗೆ ಆಪ್ತಸಮಾಲೋಚನೆ ಇವು ಔಷಧದ ಜೊತೆಗೆ ಸಾಗುತ್ತವೆ. ಆಸ್ಪತ್ರೆಗೆ ಹೋಗುವುದು ದೂರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಔಷಧ ಶುರುವಾದ ಮೇಲೆ ತಿಂಗಳಿಗೊಮ್ಮೆ ಅದೇ ಹನ್ನೆರಡು ಪ್ರಶ್ನೆಗಳಿಗೆ ಮತ್ತೆ ಉತ್ತರ ಬರೆದು ಹಿಂದಿನ ಅಂಕದ ಪಕ್ಕದಲ್ಲಿಡಿ. ತಲೆನೋವಿನ ದಿನಗಳು ಮೊದಲಿನಷ್ಟೇ ಇದ್ದು ವೃತ್ತ ಹಾಕಿದ ದಿನಗಳು ಮಾತ್ರ ಕಡಿಮೆಯಾಗಿರುವುದೂ ಉಂಟು. ಅದನ್ನೂ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಔಷಧವನ್ನು ಬದಲಿಸಬೇಕೋ ಮುಂದುವರಿಸಬೇಕೋ ಎಂಬ ತೀರ್ಮಾನಕ್ಕೆ ಅದು ಬೇಕಾಗುತ್ತದೆ. ಅಂಕ ಏರುತ್ತಿದ್ದರೆ, ತಲೆಗಷ್ಟೇ ಇದ್ದ ಉರಿ ಕೈತೋಳಿಗೂ ಇಳಿದಿದ್ದರೆ, ಅಥವಾ ಎರಡು ತಿಂಗಳಾದರೂ ಏನೂ ಬದಲಾಗದಿದ್ದರೆ, ಮುಂದಿನ ತಾರೀಖಿಗೆ ಕಾಯದೆ ಹಳೆಯ ಚೀಟಿ ಮತ್ತು ಕ್ಯಾಲೆಂಡರ್ ಹಾಳೆಗಳೊಂದಿಗೆ ಮತ್ತೆ ಹೋಗಿ, ದಿನದ ಮಾತ್ರೆಯನ್ನು ಮಾತ್ರ ನೀವೇ ಒಮ್ಮೆಲೇ ನಿಲ್ಲಿಸಬೇಡಿ.